ರೈಟ್ರ ಮಳೆ, ನನ್ನ ಕಮಾಂಡ್

ಗೋಣಿಬೀಡಿನ ಹತ್ತಿರ ಇಪ್ಪತ್ತೆರಡು ವರ್ಷ ಸುರಿದ ಮಳೆಯನ್ನು ಕಳೆದ ಭಾನುವಾರ ನಾನು ನಲವತ್ತೇ ನಿಮಿಷದಲ್ಲಿ ಒಣಗಿಸಿದೆ. ಏಪ್ರಿಲ್ ಬಿಸಿಲಿಗೂ ಆಗದ ಕೆಲಸ. (ಚಪ್ಪಾಳೆ ಬೇಡ.)

ಈ ಅಂಕಣವನ್ನು ವಾರವಾರ ಓದುವ ನಿಮಗೆ ನನ್ನ ಯೋಗ್ಯತೆ ಗೊತ್ತು. ಎರಡನೇ ಪಿಯುಸಿ. ಮೀಸೆ ಬರಬೇಕೋ ಬೇಡವೋ ಅಂತ ಇನ್ನೂ ಯೋಚಿಸುತ್ತಿದೆ. ಆದರೆ ಮೂಡಿಗೆರೆ ತಾಲ್ಲೂಕಿನಲ್ಲಿ ಯಾವ ಕಂಪ್ಯೂಟರ್ ಸೀನಿದರೂ ಮೊದಲ ಫೋನ್ ನನಗೇ. (ತಾಲ್ಲೂಕು ಅಂದರೆ ನಮ್ಮ ಮನೆ, ದೊಡ್ಡಪ್ಪನ ಮನೆ, ಒಂದು ಝೆರಾಕ್ಸ್ ಅಂಗಡಿ.) ಲಿನಕ್ಸ್ (ವಿಂಡೋಸ್ ಬದಲು ಪುಕ್ಕಟೆ ಸಿಗುವ ಸಿಸ್ಟಮ್) ತುಂಬಿದ ಪೆನ್‌ಡ್ರೈವನ್ನು ಕೀ ಬಂಚಿಗೆ ನೇತುಹಾಕಿಕೊಂಡು ಓಡಾಡುವವನು ನಾನು. ಬೈಕ್ ಇಲ್ಲ. ಕೀ ಬಂಚ್ ಇದೆ.

ದೊಡ್ಡಪ್ಪನ ಕಾಫಿ ತೋಟದಲ್ಲಿ ತಿಮ್ಮಪ್ಪ ಅಂತ ರೈಟ್ರು. ಆಫೀಸಿನಲ್ಲಿ ಕೂತು ಆಳುಗಳ ಹಾಜರಿ ಬರೆಯುವವರು, ಮಳೆ ಬರೆಯುವವರು. ಬೆಳಿಗ್ಗೆ ಎಂಟಕ್ಕೆ ರೈನ್ ಗೇಜಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ಸ್ (ಇಂಚಿಗೆ ನೂರು ಸೆಂಟ್ಸ್) ಅಂತ ಬರೆಯದೆ ಅವರು ಕಾಫಿ ಮುಟ್ಟುವುದಿಲ್ಲ. ನಮ್ಮ ಕಡೆ ಆರೋಗ್ಯ ವಿಚಾರಿಸುವ ಮೊದಲೇ "ನಿಮ್ಮಲ್ಲಿ ಎಷ್ಟು ಬಿತ್ತು?" ಅಂತಾರಲ್ಲ, ಸುತ್ತಲಿನ ಐದಾರು ತೋಟಕ್ಕೆ ಆ ಪ್ರಶ್ನೆಯ ಉತ್ತರವೇ ತಿಮ್ಮಪ್ಪ. ಕಾಫಿ ಹೂವಿನ ಮಳೆ ಯಾವ ವರ್ಷ ಯಾವ ವಾರ ಬಂತು? ಅವರನ್ನೇ ಕೇಳಿ. ಹಳೆಯ ಮಳೆ ಪುಸ್ತಕಗಳಿಗೆ ಗೆದ್ದಲು ಹತ್ತಿದಾಗ, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಎಲ್ಲವನ್ನೂ ಆಫೀಸ್ ಕಂಪ್ಯೂಟರಿಗೆ ಏರಿಸಿದ್ದರು. ಪುಸ್ತಕಗಳು ಬಚ್ಚಲೊಲೆಗೆ ಹೋದವು.

ಈಗ ಶುಗರ್ ಅವರ ಕಣ್ಣಿಗೆ ಇಳಿದಿದೆ. ಅಳತೆ ಗ್ಲಾಸನ್ನು ಮೂಗಿಗೆ ಹಿಡಿದು ಹೇಗೋ ಓದುತ್ತಾರೆ. ಸ್ಕ್ರೀನ್ ಕಾಣುವುದಿಲ್ಲ. ದೊಡ್ಡಪ್ಪ ಆಗಲೇ ಹೊಸ ರೈಟರ್ ಹುಡುಕುತ್ತಿದ್ದರು.

"ಸ್ಕ್ರೀನ್ ಮೇಲಿರೋದನ್ನ ಕನ್ನಡದಲ್ಲೇ ಓದಿ ಹೇಳೋದು ಒಂದು ಬಂದಿದ್ಯಂತಲ್ಲ ಸಣ್ಣಯ್ಯ? ಅದೊಂದು ಹಾಕ್ಕೊಟ್ರೆ ಇನ್ನೆರಡು ವರ್ಷ ಎಳೀತೀನಿ." (ಅವರಿಗೆ ಅರವತ್ತೆರಡು, ನನಗೆ ಹದಿನೇಳು. ಆದರೂ ತೋಟದ ಮನೆಯ ಹುಡುಗ ಅಂತ ನಾನು ಸಣ್ಣಯ್ಯ.)

"ಎರಡು ನಿಮಿಷದ ಕೆಲಸ ರೈಟ್ರೆ."

ಆಫೀಸ್ ಕಂಪ್ಯೂಟರಿನಲ್ಲೂ ಲಿನಕ್ಸೇ ಇತ್ತು. ಕಮಾಂಡ್ ಹೊಡೆಯುವ ಕಪ್ಪು ಕಿಟಕಿ ತೆರೆದು ಪಿಯಾನೋ ನುಡಿಸುವವನ ಹಾಗೆ ಟೈಪ್ ಮಾಡಿದೆ. ಲಿನಕ್ಸಿನಲ್ಲಿ ಏನೇ ಇನ್‌ಸ್ಟಾಲ್ ಮಾಡಬೇಕಾದರೂ ಮೊದಲು 'ಸುಡೊ' ಅನ್ನಬೇಕು. ಇದು ಯಜಮಾನರ ಅಪ್ಪಣೆ ಅಂತ ಅರ್ಥ. ಅಂದೆ.

ಸುಡೊ: ಕಮಾಂಡ್ ನಾಟ್ ಫೌಂಡ್.

ಅಂದರೆ? ಯಜಮಾನರ ಅಪ್ಪಣೆ ಅನ್ನುವ ಮಾತೇ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲವಂತೆ! ಸುಡೊ ಬಿಟ್ಟು ಹೊಡೆದೆ. ಪರ್ಮಿಷನ್ ಡಿನೈಡ್. ಫೋನಿನಲ್ಲಿ ಹುಡುಕಿದೆ. ಸುಡೊ ಇಲ್ಲದಿದ್ದರೆ 'ಸು' ಅಂತ ಹೊಡೆದು ನೀವೇ ಯಜಮಾನರಾಗಿ, ಆಮೇಲೆ ಸುಡೊ ಹಾಕಿಕೊಳ್ಳಿ ಅಂತ ಇತ್ತು. ಹೊಡೆದೆ. ಪಾಸ್‌ವರ್ಡ್ ಕೇಳಿತು. ತೋಟದ ಹೆಸರು, ದೊಡ್ಡಪ್ಪನ ಜೀಪ್ ನಂಬರ್, ನಾಯಿಯ ಹೆಸರು, ಸತ್ತ ನಾಯಿಯ ಹೆಸರು. ಯಾವುದೂ ಆಗಲಿಲ್ಲ.

"ಏನಾದ್ರೂ ಬೇಕಿತ್ತಾ ಸಣ್ಣಯ್ಯ?"

"ಒಂದು ಲೋಟ ಕಾಫಿ."

ತಂದುಕೊಟ್ಟರು. ಗೋಡೆ ತಡವಿಕೊಂಡು ಹೋಗಿ, ಒಂದು ಹನಿ ಚೆಲ್ಲದೆ.

ಎರಡು ನಿಮಿಷ ಇಪ್ಪತ್ತಾಗಿತ್ತು. ನನಗೆ ಗೊತ್ತಾಗುತ್ತಿಲ್ಲ ಅಂತ ಒಪ್ಪಿಕೊಳ್ಳಲಾ? ತಾಲ್ಲೂಕಿನ ಗತಿ? "ಸಿಸ್ಟಮ್ಮೇ ಕರಪ್ಟ್ ಆಗಿದೆ ರೈಟ್ರೆ. ಇರಬೇಕಾದ ಕಮಾಂಡೇ ಇಲ್ಲ. ಹೊಸದು ಹಾಕ್ತೀನಿ."

"ಆಲ್ದೂರಿನ ಹುಡುಗ ಈ ಕಂಪ್ಯೂಟರ್ ಹಾಕ್ಕೊಟ್ಟಾಗ ಎರಡು ಬೀಗ ಅಂತ ಏನೋ..."

"ರೈಟ್ರೆ, ಇದು ಕಂಪ್ಯೂಟರ್. ಗೋಡೌನ್ ಅಲ್ಲ."

ಖಾಲಿ ಲೋಟ ಎತ್ತಿಕೊಂಡರು. ಬಾಗಿಲಲ್ಲಿ ನಿಂತು ಕೇಳಿದರು, "ನನ್ನ ಮಳೆ?"

"ಅದೆಲ್ಲ ಎಲ್ಲೂ ಹೋಗಲ್ಲ."

ಪೆನ್‌ಡ್ರೈವ್ ಚುಚ್ಚಿದೆ. ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಲೇ ಅಂತ ಒಂದು ಪ್ರಶ್ನೆ ಬಂತು. ಇಂಥ ಪ್ರಶ್ನೆಗಳನ್ನು ಓದುವವರು ಬೇರೆ, ನಾನು ಬೇರೆ. ಹೌದು ಅಂತ ಒತ್ತಿದೆ.

ಹೊಸ ಸಿಸ್ಟಮ್ಮಿನಲ್ಲಿ ಸುಡೊ ಬಾಣದಂತೆ ಓಡಿತು. ಓದುವ ಸಾಫ್ಟ್‌ವೇರೂ ಕೂತಿತು. ತಿಮ್ಮಪ್ಪ ಕುರ್ಚಿ ಎಳೆದುಕೊಂಡು, ತಲೆ ಬಾಚಿಕೊಂಡು, ಮದುವೆ ಫೋಟೋಕ್ಕೆ ಕೂತ ಹಾಗೆ ಕೂತರು. ನಾನು ಫೈಲ್‌ಗಳ ಕಿಟಕಿ ತೆರೆದೆ. ಆ ಯಂತ್ರ ಅವರಿಗೆ ಹೇಳಿದ ಮೊದಲ ಕನ್ನಡ ವಾಕ್ಯ ಇದು:

"ಕಡತಕೋಶ ಖಾಲಿ ಇದೆ."

"ಏನಂತೆ?" ಅಂದರು. ಯಂತ್ರ ಇನ್ನೊಮ್ಮೆ ಹೇಳಿತು. ಸ್ಪಷ್ಟವಾಗಿ. ಉಚ್ಚಾರ ನನಗಿಂತ ಚೆನ್ನಾಗಿತ್ತು.

ಬ್ಯಾಕಪ್ ಇದೆಯಾ ಅಂತ ಆಗ ಕೇಳಿದೆ. ಹಾಗಂದರೇನು ಅಂತ ಅವರು ಕೇಳಿದರು. ಎರಡು ದಿನ ಕಾಲೇಜು ತಪ್ಪಿಸಿ ರಿಕವರಿ ಸಾಫ್ಟ್‌ವೇರ್ ಓಡಿಸಿದೆ. ಸಿಕ್ಕಿದ್ದು ಒಂದು ಗುಲಾಬಿ ಹೂವಿನ ವಾಲ್‌ಪೇಪರ್.

ಆಮೇಲೆ ಗೊತ್ತಾಯಿತು, ಯಾವುದೂ ಕರಪ್ಟ್ ಆಗಿರಲಿಲ್ಲ. ಆಲ್ದೂರಿನ ಹುಡುಗ ದಿನದ ಕೆಲಸಕ್ಕೊಂದು, ದೊಡ್ಡ ಕೆಲಸಕ್ಕೊಂದು, ಹೀಗೆ ಎರಡು ಪಾಸ್‌ವರ್ಡ್ ಇಟ್ಟಿದ್ದ. ಹಾಗೆ ಇಟ್ಟ ಕಡೆ ಸುಡೊ ತಾನಾಗಿ ಬರುವುದಿಲ್ಲ, ಅಷ್ಟೆ. ಅವನು ಹೇಳಿದಾಗ ತಿಮ್ಮಪ್ಪನವರು ಅದನ್ನು ತಕ್ಷಣ ಅರ್ಥ ಮಾಡಿಕೊಂಡಿದ್ದರು. ಕಾಫಿ ಒಣಗಿಸುವ ಕಣದ ಬೀಗದ ಕೀ ಆಳುಗಳ ಮೇಸ್ತ್ರಿ ಹತ್ತಿರ, ಗೋಡೌನ್ ಕೀ ರೈಟರ್ ಹತ್ತಿರ. ತೋಟದಲ್ಲಿ ಮೊದಲಿಂದಲೂ ಹಾಗೇ ಅಲ್ಲವೇ?

"ದೊಡ್ಡ ಪಾಸ್‌ವರ್ಡ್ ನಿಮಗೆ ಗೊತ್ತಿತ್ತಾ ರೈಟ್ರೆ?"

"ನಾನೇ ಇಟ್ಟಿದ್ದಲ್ವಾ? ಹನ್ನೊಂದು ಇಂಚು ನಲವತ್ತು ಸೆಂಟ್ಸ್. ಒಂದೇ ದಿನಕ್ಕೆ ಅಷ್ಟು ಬಿದ್ದಿದ್ದು ಅದೊಂದೇ ಸಲ."

"ಹೇಳಬಾರದಿತ್ತಾ ಮಾರಾಯ್ರೇ!"

"ಅದು ಪಾಸ್‌ವರ್ಡ್ ಕೇಳ್ತಿದೆ ಅಂತ ನನಗೆ ಕಾಣಬೇಕಲ್ಲ. ನೀವೂ ಹೇಳ್ಲಿಲ್ಲ. ಬೀಗದ ವಿಷಯ ಎತ್ತಿದೆ, ಬೇಡ ಅಂದ್ರಿ. ನೀವು ಬೇಡ ಅಂದ್ಮೇಲೆ ನಾವು ಮತ್ತೆ ಮಾತಾಡೋದು ಚಂದ ಅಲ್ಲ ಸಣ್ಣಯ್ಯ."

ಒಂದು ಬೈಗುಳ ಇಲ್ಲ. ಬೈದಿದ್ದರೆ ಈ ವಾರ ನಿಮ್ಮನ್ನು ಚೆನ್ನಾಗಿ ನಗಿಸಬಹುದಿತ್ತು.

ಇಪ್ಪತ್ತೆರಡು ವರ್ಷದ ಮಳೆಯಲ್ಲಿ ಈಗ ಉಳಿದಿರುವುದು ಆ ಒಂದು ದಿನದ್ದು. ಅದೂ ಪಾಸ್‌ವರ್ಡ್ ಆಗಿದ್ದ ಪುಣ್ಯಕ್ಕೆ. ತಿಮ್ಮಪ್ಪ ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಾರಂತೆ. ಓದುವ ಯಂತ್ರ ಬಂತಲ್ಲ ಅಂತ ದೊಡ್ಡಪ್ಪ ಹೇಳಿದ್ದಕ್ಕೆ, "ಓದೋಕೆ ಏನಿದೆ ಧಣಿ?" ಅಂದರಂತೆ.

ಅಳಿಸುವ ಮೊದಲು ಆ ಕಂಪ್ಯೂಟರ್ ಕೂಡ ನನ್ನನ್ನು ಒಂದು ಮಾತು ಕೇಳಿತ್ತು. ನಾನು ಯಾರನ್ನು ಕೇಳಿದೆ?