ಹನ್ನೊಂದನೇ ಕಂತಿನ ತುಂಡು ವೈರು

ಇಪ್ಪತ್ತೇಳು ವರ್ಷ ಲಿಫ್ಟ್ ರಿಪೇರಿ ಮಾಡಿದವನಿಗೆ ಲಿಫ್ಟಣ್ಣ ಎಂಬ ಹೆಸರೇ ಅಂಟಿಕೊಂಡಿತ್ತು. ಕಟ್ಟಡದ ತುದಿಯ ಮೋಟರ್ ಕೋಣೆಯಲ್ಲಿ ನಿಂತು, ಬರಿ ಸದ್ದಿನ ಮೇಲೆ ಯಾವ ಗಾಲಿ ಸವೆದಿದೆ ಎಂದು ಹೇಳಬಲ್ಲ ಮನುಷ್ಯ. ಅವನಿಗಿದ್ದ ಒಂದೇ ಚಟವೆಂದರೆ ಶನಿವಾರ ಸಂಜೆ ಏಳಕ್ಕೆ ಟಿವಿಯಲ್ಲಿ ಬರುವ ಬಾಹ್ಯಾಕಾಶದ ಧಾರಾವಾಹಿ. ಐದು ಜನರ ಹಡಗೊಂದು ಗ್ರಹದಿಂದ ಗ್ರಹಕ್ಕೆ ಅಲೆಯುವ ಕಥೆ. ಹೆಂಡತಿ ಬೀನ್ಸ್ ಮುರಿಯುತ್ತ ಅರ್ಧ ಕಣ್ಣು ಅತ್ತ ಇಟ್ಟಿರುತ್ತಿದ್ದಳು. ಇವನು, ಅಷ್ಟು ದೊಡ್ಡ ಬಾಗಿಲಿಗೆ ಆ ಪುಟಾಣಿ ಮೋಟರ್ ಎಲ್ಲಿ ಸಾಕು ಎಂದು ಹಡಗು ಕಟ್ಟಿದವರ ತಪ್ಪು ಹುಡುಕುತ್ತ ಖುಷಿಪಡುತ್ತಿದ್ದ.

ಹನ್ನೊಂದನೇ ಕಂತಿನಲ್ಲಿ ಆ ಖುಷಿ ಆರಿಹೋಯಿತು.

ಹಡಗು ಯಾವುದೋ ಕೆಂಪು ಗ್ರಹದಲ್ಲಿ ಇಳಿದಿತ್ತು. ಹೊರಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಬಾಗಿಲು ಮುಚ್ಚದೆ ಹಡಗು ಕದಲುವಂತಿರಲಿಲ್ಲ. ಕಿರಿಯ ಎಂಜಿನಿಯರ್ ಬಾಗಿಲ ಬೀಗದ ಎರಡು ತುದಿಗೆ ಒಂದು ತುಂಡು ವೈರು ಕಟ್ಟಿ, ಮುಚ್ಚಿದೆ ಎಂದು ಯಂತ್ರವನ್ನು ನಂಬಿಸಿ ಪರೀಕ್ಷೆ ಮಾಡಿದ. ಆಮೇಲೆ ವೈರು ತೆಗೆಯುವುದನ್ನು ಮರೆತ. ಮರುದಿನ ಬಾಗಿಲು ತೆರೆದಿದ್ದಾಗಲೇ ಹಡಗು ಕದಲಿತು. ಹತ್ತುತ್ತಿದ್ದ ವೈದ್ಯೆ ಬಿದ್ದು ಕಾಲು ಮುರಿದುಕೊಂಡಳು. ಕೆಲಸದ ಪುಸ್ತಕದಲ್ಲಿ ಕೊನೆಯ ಸಹಿ ಹಿರಿಯ ಎಂಜಿನಿಯರನದು. ವಿಚಾರಣೆಯಲ್ಲಿ ಕಿರಿಯವನು ಕಣ್ಣು ಮಿಟುಕಿಸದೆ ಹೇಳಿದ: "ನಾನು ತೆಗೆದೇ ಇಳಿದೆ."

ಲಿಫ್ಟಣ್ಣ ಟಿವಿಯ ಸದ್ದು ತಗ್ಗಿಸಿದ. ಅದು ಅವನದೇ ಮಾತು. ಹದಿನೆಂಟು ವರ್ಷದ ಹಿಂದೆ ಇಂಥದೇ ಒಂದು ವೈರನ್ನು ಲಿಫ್ಟಿನ ಬಾಗಿಲಲ್ಲಿ ಮರೆತು ಬಂದವನು ಅವನು. ಕಾಲು ಮುರಿದುಕೊಂಡವರು ಮೂರನೇ ಮಹಡಿಯ ಟೀಚರು. ಸಹಿ ಹಾಕಿದ್ದು ಜೊತೆಗಾರ ಉದ್ದಣ್ಣ. ಕೆಲಸ ಹೋದದ್ದೂ ಉದ್ದಣ್ಣನದೇ. ಅವನೀಗ ಬಸ್ ನಿಲ್ದಾಣದ ಪಕ್ಕ ಗೂಡಂಗಡಿ ಇಟ್ಟುಕೊಂಡು ಕೀಲಿಕೈ ಮಾಡಿಕೊಡುತ್ತಾನೆ.

ನಿಜ ಗೊತ್ತಿದ್ದದ್ದು ಇಡೀ ಲೋಕದಲ್ಲಿ ಒಬ್ಬಳಿಗೆ. ಆಕೆ ಪಕ್ಕದಲ್ಲೇ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಅವಳ ತಮ್ಮ ಟಿವಿಯವರಿಗೆ ಸೆಟ್ ಹಾಕುವ ಬಡಗಿ. ಎರಡೂ ಕೂಡಿಸಿ ನೋಡಲು ಲಿಫ್ಟಣ್ಣನಿಗೆ ಎಷ್ಟು ಹೊತ್ತು ಬೇಕು?

ತಮ್ಮನ ಹತ್ತಿರ ಏನೇನು ಮಾತಾಡುತ್ತೀಯ ಎಂದು ಮರುದಿನ ಕೆದಕಿದ. "ಏನಿರುತ್ತೆ ರೀ, ಅವನ ಮಂಡಿನೋವು, ನಿಮ್ಮ ಗೊರಕೆ," ಎಂದಳು. ಆ ಉತ್ತರ ತೀರಾ ಸಲೀಸಾಗಿ ಬಂತು ಅನ್ನಿಸಿತು. ಅವಳು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡಿದ. ತಮ್ಮನಿಗೆ ಒಂದೇ ವಾರದಲ್ಲಿ ಆರು ಕರೆ. ಒಂದಂತೂ ನಲವತ್ತು ನಿಮಿಷ. ಮಂಡಿನೋವು ಅಷ್ಟುದ್ದ ಇರುತ್ತದೆಯೇ? ಇವನು ಅಡುಗೆಮನೆಗೆ ಕಾಲಿಟ್ಟರೆ ಅವಳು ಮಾತು ನಿಲ್ಲಿಸಿದಂತೆ, ಪಾತ್ರೆ ಬೇಕೆಂದೇ ಸದ್ದು ಮಾಡಿದಂತೆ ಕಾಣತೊಡಗಿತು. ಮೂರು ದಿನ ಅವಳ ಮುಖ ನೋಡದೆ ಉಂಡ.

ನಾಲ್ಕನೇ ದಿನ ಬಾಮೈದನ ಕಾರ್ಖಾನೆಗೇ ಹೋಗಿ ನಿಂತ. ಬಾಮೈದ ಮೈಯೆಲ್ಲ ಮರದ ಹೊಟ್ಟು ಮಾಡಿಕೊಂಡು ಅಡುಗೆ ಕಾರ್ಯಕ್ರಮಕ್ಕೆ ಕಪಾಟು ಕೂಡಿಸುತ್ತಿದ್ದ. ಬಾಹ್ಯಾಕಾಶದ ಹಡಗು ಬೇರೆ ಕಂಪನಿಯದು, ಅವರ ಗೇಟಿನ ಒಳಗೂ ತಾನು ಹೋಗಿಲ್ಲ ಎಂದ. ಭಾವ ಯಾಕೋ ಬಾಡಿದ್ದಾರೆ ಎಂದು ಕುರ್ಚಿ ತಂದು ಕೂರಿಸಿದ. ಅವನ ಮುಖದಲ್ಲಿ ಕಳ್ಳತನ ಹುಡುಕಿ ಹುಡುಕಿ ಲಿಫ್ಟಣ್ಣನಿಗೇ ಸುಸ್ತಾಯಿತು.

ಹಾಗಾದರೆ ಇನ್ನು ಉಳಿದವನು ಉದ್ದಣ್ಣ. ವಾಪಸ್ ಬರುವ ಬಸ್ಸಿನಲ್ಲಿ ಎಲ್ಲವೂ ತಾಳೆಯಾಗುತ್ತ ಹೋಯಿತು. ದಾರಿಯಲ್ಲಿ ಸಿಕ್ಕಾಗಲೆಲ್ಲ ಅವನು, ಕೆಲಸ ಹೇಗಿದೆ, ಎಲ್ಲ ಚೆನ್ನಾಗಿದೆ ತಾನೇ ಎಂದು ಕೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಎಲ್ಲ ಗೊತ್ತಿದ್ದೂ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ಈಗ ಟಿವಿಯವರ ಕೈಗೆ ಕೊಟ್ಟು ದೂರದಿಂದ ತಮಾಷೆ ನೋಡುತ್ತಿದ್ದಾನೆ. ಶನಿವಾರ ವಿಚಾರಣೆಯ ಉಳಿದ ಭಾಗ ಬರಲಿತ್ತು. ಅದಕ್ಕೆ ಮುಂಚೆ ಇದನ್ನು ಮುಗಿಸಬೇಕೆಂದು ಬಸ್ಸಿಳಿದವನೇ ನೆಟ್ಟಗೆ ಗೂಡಂಗಡಿಗೆ ಹೋದ.

ಉದ್ದಣ್ಣ ಕತ್ತು ಬಗ್ಗಿಸಿ ಯಂತ್ರಕ್ಕೆ ಕೀಲಿಕೈ ಹಿಡಿದಿದ್ದ.

"ಆ ಹಡಗಿನ ಕಥೆ ಕೊಟ್ಟಿದ್ದು ನೀನೇ ತಾನೇ?"

"ಯಾವ ಹಡಗು?"

"ನಾಟಕ ಬೇಡ ಉದ್ದಣ್ಣ. ವೈರು ನಾನು ತೆಗೀಲಿಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು? ಅಷ್ಟು ಹೇಳು."

ಉದ್ದಣ್ಣ ಯಂತ್ರ ಆರಿಸಿದ. ಕೈಯಲ್ಲಿದ್ದ ಕೀಲಿಕೈಯನ್ನು ಕೆಳಗಿಟ್ಟ.

"ಈಗ," ಎಂದ.

ಲಿಫ್ಟಣ್ಣನಿಗೆ ಆಡಿದ ಮಾತನ್ನು ಮರಳಿ ನುಂಗುವ ದಾರಿ ಇರಲಿಲ್ಲ.

"ನೀನು ತೆಗೆದೇ ಇಳಿದೆ ಅಂದೆ. ನಂಬಿದೆ," ಎಂದ ಉದ್ದಣ್ಣ, ದನಿ ಏರಿಸದೆ. "ಹಾಗಾದ್ರೆ ಕೊನೇ ಸಲ ನೋಡೋವಾಗ ನಾನೇ ಮತ್ತೆ ಕಟ್ಟಿ ಮರೆತಿರಬೇಕು ಅಂದ್ಕೊಂಡೆ. ಇಷ್ಟು ವರ್ಷ ನನ್ನ ಕೈಯನ್ನ ನಾನೇ ನಂಬಲಿಲ್ಲ ಕಣೋ. ಈ ಅಂಗಡಿ ಬೀಗ ಹಾಕಿ ಮೂರು ಸಲ ವಾಪಸ್ ಬಂದು ಎಳೆದು ನೋಡ್ತೀನಿ. ಮಗಳನ್ನ ಒಂದು ದಿನಾನೂ ಸೈಕಲ್ ಮೇಲೆ ಕೂರಿಸ್ಕೊಳ್ಳಲಿಲ್ಲ, ಬ್ರೇಕ್ ಸರಿಯಾಗಿ ಕಟ್ಟಿದೀನೋ ಇಲ್ಲವೋ ಅಂತ."

ಬೈದಿದ್ದರೆ, ಕುತ್ತಿಗೆ ಪಟ್ಟಿ ಹಿಡಿದಿದ್ದರೆ ಲಿಫ್ಟಣ್ಣ ತಡೆದುಕೊಳ್ಳುತ್ತಿದ್ದ. ಉದ್ದಣ್ಣ ಅದೇನೂ ಮಾಡಲಿಲ್ಲ. ಅಂಗಡಿ ಮುಚ್ಚಿ, ಮನೆಗೆ ಬಂದು ತನ್ನ ಹೆಂಡತಿಯ ಎದುರು ಇದನ್ನೇ ಹೇಳಬೇಕೆಂದ. ಲಿಫ್ಟಣ್ಣ ಹೋಗಿ ಹೇಳಿದ. ಉದ್ದಣ್ಣನ ಹೆಂಡತಿ ಅಳಲೂ ಇಲ್ಲ, ಶಾಪ ಹಾಕಲೂ ಇಲ್ಲ. ಮಗಳ ಹಳೆಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ಪೆನ್ನಿನ ಸಮೇತ ಮುಂದಿಟ್ಟಳು. ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಸಹಿ ಹಾಕಿ ಎಂದಳು.

ಆ ಹಾಳೆಯ ಇನ್ನೊಂದು ಪ್ರತಿಯನ್ನು ಸೋಮವಾರ ಲಿಫ್ಟಣ್ಣನೇ ತನ್ನ ಕಂಪನಿಗೆ ಒಯ್ದ. ಹಳೆಯ ಕಡತದಲ್ಲಿ ಉದ್ದಣ್ಣನ ಹೆಸರಿನ ಮೇಲಿದ್ದ ತಪ್ಪನ್ನು ತೆಗೆದುಹಾಕಿದರು. ಲಿಫ್ಟಣ್ಣನನ್ನು ರಿಪೇರಿ ಕೆಲಸದಿಂದ ಬಿಡಿಸಿ ಸಾಮಾನು ಕೋಣೆಗೆ ಹಾಕಿದರು. ಉದ್ದಣ್ಣ ಮತ್ತೆ ಅವನ ಜೊತೆ ಮಾತಾಡಲಿಲ್ಲ. ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಾನೆ, ಅಷ್ಟೆ. ಧಾರಾವಾಹಿಗೆ ಆ ಕಥೆ ಬರೆದವರು ಯಾರೆಂದು ಲಿಫ್ಟಣ್ಣ ಕೊನೆಗೂ ವಿಚಾರಿಸಲಿಲ್ಲ. ಬಾಗಿಲಿರುವ ಕಡೆಯೆಲ್ಲ ಇಂಥ ವೈರುಗಳಿರುತ್ತವೆ ಎಂದುಕೊಂಡ.

ಹೆಂಡತಿಯನ್ನು ಅನುಮಾನಿಸಿದ್ದನ್ನು, ಫೋನ್ ತೆಗೆದು ನೋಡಿದ್ದನ್ನು ಮಾತ್ರ ಹೇಳದೆ ಇರಲಾಗಲಿಲ್ಲ. ಕ್ಷಮಿಸು ಎಂದ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಅನುಮಾನ ಪಟ್ಟಿದ್ದಕ್ಕೆ ಬೇಜಾರಿಲ್ಲ," ಎಂದಳು. "ಉದ್ದಣ್ಣನ ಹೆಂಡತಿ ಮಾರ್ಕೆಟ್ಟಲ್ಲಿ ಕಂಡಾಗೆಲ್ಲ ನಾನು ಪಕ್ಕದ ಸಾಲಿಗೆ ಹೋಗಿ ಅವಿತ್ಕೋತಿದ್ದೆ ರೀ. ನಿಜವಾಗ್ಲೂ ಯಾರಿಗಾದ್ರೂ ಹೇಳಿಬಿಡಬೇಕಿತ್ತು ನಾನು."