ಕೋಟಿತೀರ್ಥದಲ್ಲಿ ಹೇಳಬಾರದ ಮಾತು

ಇದು ನಡೆದದ್ದು ನಿಜ. ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಅಂದು ಕರೆಂಟು ಹೋದದ್ದು ನಾವು ಮನೆ ಮುಟ್ಟುವ ಮೊದಲೋ ಆಮೇಲೋ, ಖಚಿತವಾಗಿ ಹೇಳಲಾರೆ. ನೆನೆದಷ್ಟೂ ಹೊಸ ವಿವರಗಳು ಬಂದು ಸೇರಿಕೊಳ್ಳುತ್ತವೆ. ಒಂದು ದನಿ ಮಾತ್ರ ಬದಲಾಗಿಲ್ಲ... ಅದನ್ನು ನಾನು ಕೇಳಿದ್ದೇನೆ.

ಕರಾವಳಿಗೆ ರೈಲು ಬಂದ ಹೊಸತು. ಧಾರವಾಡದಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದೆ. ಕುಮಟೆಯ ಮನೆಯಲ್ಲಿ ಸುಮ್ಮನೆ ಕೂರಲಾರದೆ ಗೋಕರ್ಣದ ಸೋದರತ್ತೆಯ ಮನೆ ಸೇರಿದ್ದೆ. ಅತ್ತೆ ಯಾತ್ರಿಕರಿಗೆ ಕೋಣೆ ಕೊಡುತ್ತಿದ್ದಳು, ನಾನು ಅವರಿಗೆ ಊರು ತೋರಿಸುತ್ತಿದ್ದೆ. ಅತ್ತೆಯ ಮಗಳು ಸುಮಾ ಹೆರಿಗೆಗೆ ಬಂದಿದ್ದಳು. ಮೊದಲಿನ ಬಸಿರು ನಿಂತಿರಲಿಲ್ಲ. ಈ ಸಲ ಅತ್ತೆ ಅವಳನ್ನು ಸಂಜೆಯ ಮೇಲೆ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

ಆ ದಿನ ಬಂದವರು ನಾಗಪುರದ ಗಂಡ ಹೆಂಡತಿ. ಗಂಡನಿಗೆ ಯಾವುದೂ ಹಿಡಿಸಲಿಲ್ಲ. ಓಂ ಬೀಚಿನಲ್ಲಿ ಬಿಸಿಲು, ಬೀದಿಯಲ್ಲಿ ಸಗಣಿ.

“ಮೇಡಂ, ನಿಮ್ಮೂರಲ್ಲಿ ದೇವರಿಗಿಂತ ದನಗಳೇ ಜಾಸ್ತಿ,” ಎಂದು ಹಿಂದಿಯಲ್ಲಿ ನಕ್ಕ.

ರಾವಣ ಎಳೆದರೂ ಏಳದ ಆತ್ಮಲಿಂಗದ ಕಥೆ ಹೇಳಿದೆ. “ಅಂದರೆ ಸಿಕ್ಕಿಹಾಕಿಕೊಂಡ ದೇವರು!” ಎಂದ.

ನನಗೆ ಸಿಟ್ಟು ಬಂತು. “ಈ ಊರಲ್ಲಿ ಒಮ್ಮೆ ಕೆಳಗಿಟ್ಟದ್ದು ಸುಲಭಕ್ಕೆ ಏಳುವುದಿಲ್ಲ ಸಾರ್,” ಎಂದೆ.

ಹೆಂಡತಿಗೆ ನಾಲ್ಕು ಕನ್ನಡ ಮಾತು ಕಲಿಯುವ ಆಸೆ. ಬೆಳಿಗ್ಗೆಯೇ ಕಲಿಸಿದ್ದೆ: ನಾವು ಯಾರ ಮನೆಯಿಂದ ಹೊರಟರೂ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರ್ತೇನೆ’ ಎನ್ನುತ್ತೇವೆ. ಮನೆಯವರು ‘ಆತು’ ಎಂದು ಒಪ್ಪಿ ಕಳಿಸುತ್ತಾರೆ. ಸತ್ತವರ ಅಪರಕರ್ಮ ನಡೆದ ಜಾಗದಲ್ಲಿ ಮಾತ್ರ ಹಾಗೆ ಹೇಳಬಾರದು, ತಿರುಗಿ ನೋಡದೆ ಸುಮ್ಮನೆ ಹೊರಟುಬರಬೇಕು. ಅದನ್ನು ಹೇಳಲು ಮರೆತಿದ್ದೆ.

ಊರಿನ ಅಪರಕರ್ಮಗಳೆಲ್ಲ ನಡೆಯುವ ಕೋಟಿತೀರ್ಥದ ಕೊಳಕ್ಕೆ ಹೋದಾಗ ಕತ್ತಲಾಗುತ್ತಿತ್ತು. ಪಾಚಿ, ಎಳ್ಳು, ಒದ್ದೆ ದರ್ಭೆಯ ವಾಸನೆ. ಕೆಳಗಿನ ಮೆಟ್ಟಿಲ ಮೇಲೆ ಬಾಳೆಲೆಯಲ್ಲಿ ಒಂದು ಪಿಂಡ ಹಾಗೇ ಇತ್ತು.

“ಅದನ್ನೇಕೆ ಬಿಟ್ಟಿದ್ದಾರೆ?” ಹೆಂಡತಿ ಕೇಳಿದಳು.

“ಕಾಗೆ ಮುಟ್ಟಿಲ್ಲ. ಸತ್ತವರ ಆಸೆ ಯಾವುದೋ ಬಾಕಿ ಇದೆ ಎನ್ನುತ್ತಾರೆ.”

ಗಂಡ ಜೋರಾಗಿ ನಕ್ಕ. ಹೊರಡುವಾಗ ಆ ಎಲೆಯತ್ತ ತಿರುಗಿ, ಕೈಮುಗಿದು, “ಹೋಗಿ ಬರ್ತೇನೆ!” ಎಂದ. ಅವನೇ ಎಂದದ್ದು... ಹಾಗೆಂದೇ ನನ್ನ ನೆನಪು.

ಕೆಳಗೆ ನೀರಿನಂಚಿನಿಂದ ಯಾರೋ ಮೆಲ್ಲಗೆ ಹೇಳಿದರು, “ಆತು.”

ಅಲ್ಲಿ ಯಾರೂ ಇರಲಿಲ್ಲ.

ಗಂಡ ಹೆಂಡತಿಯ ಕೈ ಹಿಡಿದು ಸರಸರ ಮೆಟ್ಟಿಲು ಹತ್ತಿದ. ಓಣಿಯುದ್ದಕ್ಕೂ ಹಿಂದಿನಿಂದ ಒದ್ದೆ ಕಾಲಿನ ಸದ್ದು... ಚಪ್... ಚಪ್... ನಾವು ನಿಂತರೆ ಅದೂ ನಿಲ್ಲುತ್ತಿತ್ತು. ದಿನಾ ನನ್ನನ್ನು ಅಟ್ಟಿಸಿಕೊಂಡು ಬರುವ ಓಣಿಯ ನಾಯಿ ಜಗಲಿಯ ಅಡಿಗೆ ನುಸುಳಿತು.

ಅತ್ತೆ ಚಿಮಣಿ ದೀಪ ಹಿಡಿದು ಬಾಗಿಲಿಗೆ ಬಂದಳು. ಇನ್ನೊಂದು ಕೈಯಲ್ಲಿ ನೀರಿನ ಚೊಂಬು. ದಣಿದು ಬಂದವರಿಗೆ ಮೊದಲು ಬೆಲ್ಲ ನೀರು, ಆಮೇಲೆ ಮಾತು.

“ಬನ್ನಿ, ಬನ್ನಿ...” ಎಂದವಳು ನಮ್ಮ ಹೆಗಲಾಚೆ ನೋಡಿದಳು. “ಅಂವ ಯಾರೇ? ಎಂತಕ್ಕೆ ಅಂಗಳದಲ್ಲೇ ನಿಂತಿದ್ದ?”

ನಾನು ತಿರುಗಿದೆ. ಬರಿಯ ಅಂಗಳ. ಕೊಳೆತ ಅನ್ನದ ವಾಸನೆ.

“ಯಾರೂ ಇಲ್ಲೆ ಅತ್ತೆ...”

“ಎಲ್ಲಿ ಹೋಗಿದ್ದೆ ನೀನು?”

“ಕೋಟಿತೀರ್ಥಕ್ಕೆ.”

“ಅಲ್ಲಿ ಎಂತ ಹೇಳಿ ಬಂದೆ?”

ನಾನು ಉತ್ತರಿಸುವುದರೊಳಗೆ ಒಳಕೋಣೆಯಿಂದ ಸುಮಾಳ ದನಿ ಕೇಳಿತು. “ಅಮ್ಮಾ... ಕಿಟಕಿ ಹತ್ರ ಯಾರೋ ನನ್ನ ಹೆಸರು ಹಿಡಿದು ಕರೀತಾ ಇದ್ದ...”

“ಓ ಹೇಳಡ! ಕೂಸೇ, ಓ ಹೇಳಡ!” ಓಗೊಡಬೇಡವೆಂದು ಅತ್ತೆ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ದೀಪವನ್ನು ಹೊಸ್ತಿಲ ಬಳಿ ಇಟ್ಟು, ನಮ್ಮನ್ನು ರಟ್ಟೆ ಹಿಡಿದು ಒಳಗೆಳೆದು, ಚೊಂಬನ್ನೂ ಬೆಲ್ಲದ ತುಂಡನ್ನೂ ಅಂಗಳದ ಮೆಟ್ಟಿಲ ಮೇಲಿಟ್ಟಳು.

“ಕುಡಿ. ಹೋಗು. ಈ ಮನೇಲಿ ನಿಂಗೆ ಎಂತದೂ ಇಲ್ಲೆ.”

ಭಿಕ್ಷೆಗೆ ಬಂದವರಿಗೂ ‘ಹೋಗಿ ಬಾ’ ಎನ್ನುವ ಅತ್ತೆ, ಎಂದೂ ಯಾರಿಗೂ ‘ಹೋಗು’ ಎಂದವಳಲ್ಲ.

ದೀಪ ಆರಿತು. ಕತ್ತಲಲ್ಲಿ ಚೊಂಬು ಕಲ್ಲಿಗೆ ತಾಗಿದ ಸದ್ದು... ಗುಟುಕರಿಸುವ ಸದ್ದು. ಆಮೇಲೆ, ನಮ್ಮ ಮನೆಮಾತಿನಲ್ಲೇ, ತೀರಾ ಪರಿಚಿತರಂತೆ:

“ಹೋಗಿ ಬತ್ತೆ.”

ಆಗ ಮನೆಯೊಳಗಿಂದ ಯಾರೋ ಅಂದರು, “ಆತು.”

ಹೆಣ್ಣು ದನಿ. ಮೆಲ್ಲಗೆ, ರೂಢಿಬಲದಿಂದ ಬಾಯಿಗೆ ಬಂದಂತೆ.

ಬೆಳಿಗ್ಗೆ ಚೊಂಬು ಖಾಲಿಯಿತ್ತು. ನಾಯಿ ಕುಡಿದಿರಬಹುದು. ಬೆಲ್ಲ ಇದ್ದಲ್ಲೇ ಇತ್ತು, ಒಂದು ಇರುವೆಯೂ ಮುತ್ತಿರಲಿಲ್ಲ. ನಾಗಪುರದವರು ಯಾರಿಗೂ ಏನೂ ಹೇಳದೆ ಹೊರಟುಹೋದರು. ನಾನು ಮತ್ತೆ ಯಾರಿಗೂ ಊರು ತೋರಿಸಲಿಲ್ಲ.

ಸುಮಾಳ ಹೆರಿಗೆ ಸುಸೂತ್ರವಾಯಿತು. ಮಗಳು ಈಗ ಶಾಲೆಗೆ ಹೋಗುತ್ತಾಳೆ. ರಜೆಗೆ ಅವಳನ್ನು ಅಜ್ಜಿಮನೆಗೆ ಕಳಿಸು ಎಂದು ಅತ್ತೆ ಒಮ್ಮೆಯೂ ಹೇಳಿಲ್ಲ. ಒಳಕೋಣೆಯ ಕಿಟಕಿಗೆ ಹಲಗೆ ಬಡಿಸಿದ್ದಾಳೆ.

ಕಳೆದ ತಿಂಗಳು ಗೋಕರ್ಣಕ್ಕೆ ಹೋಗಿದ್ದೆ. ಅತ್ತೆ ಕಾಯಿ ತುರಿಯುತ್ತಾ ಕೂತಿದ್ದಳು. ಹೊರಡುವಾಗ ಎಂದಿನಂತೆ “ಹೋಗಿ ಬತ್ತೆ” ಎಂದೆ. ಅವಳು ತಲೆಯಾಡಿಸಿದಳು, ಅಷ್ಟೆ. ಆ ರಾತ್ರಿಯ ನಂತರ ಅವಳು ಯಾರಿಗೂ ‘ಆತು’ ಎಂದದ್ದನ್ನು ನಾನು ಕೇಳಿಲ್ಲ ಎಂಬುದು ಆಗ ಹೊಳೆಯಿತು.

ಹೊಸ್ತಿಲಲ್ಲೇ ನಿಂತು ಕೇಳಿದೆ. ತುರಿಯುವ ಸದ್ದು ನಿಂತಿತು.

“ಅತ್ತೆ, ಅವತ್ತು ‘ಆತು’ ಹೇಳಿದ್ದು ನೀನಾ... ಸುಮಾನಾ?”