ಸೊಪ್ಪಿನ ಮಲ್ಲಿಗಮ್ಮನ ಕುತ್ತಿಗೆ

ಹೊಳೆನರಸೀಪುರದ ಆ ಬೀದಿಯ ಹೆಂಗಸರಿಗೆ ಬೆಳಗಿನ ಹೊತ್ತು ಮೊದಲು ಕಾಣುತ್ತಿದ್ದದ್ದು ಮಲ್ಲಿಗಮ್ಮನಲ್ಲ, ಅವಳ ಬುಟ್ಟಿ. ಕಾಂಪೌಂಡ್ ಗೋಡೆಯ ಮೇಲೆ ದಂಟು, ಸಬ್ಬಸಿಗೆ, ಮೆಂತ್ಯದ ಹಸಿರು ತಾನಾಗಿ ತೇಲಿಕೊಂಡು ಬರುತ್ತಿತ್ತು. ಗೇಟಿನ ಹತ್ತಿರ ಬಂದಾಗ ಅದರ ಕೆಳಗೊಂದು ಮುಖ ಮೂಡುತ್ತಿತ್ತು. ಹೊಳೆದಂಡೆಯಲ್ಲಿ ಬೆಳೆದ ಸೊಪ್ಪಿನ ನೀರು ಕಿವಿಯ ಹಿಂದೆ ಹನಿಯುತ್ತಿದ್ದರೂ ಬುಟ್ಟಿಗೆ ಕೈ ಹಚ್ಚದೆ, ಎಲೆಅಡಿಕೆ ಜಗಿಯುತ್ತ ನೆಟ್ಟಗೆ ನಡೆಯುತ್ತಿದ್ದಳು.

ವ್ಯಾಪಾರದ ಗುಟ್ಟು ಸೊಪ್ಪಿನಲ್ಲಿರಲಿಲ್ಲ, ಬುಟ್ಟಿ ಇಳಿಸುವುದರಲ್ಲಿತ್ತು. ತುಂಬಿದ ಬುಟ್ಟಿಯನ್ನು ಒಬ್ಬಳೇ ಇಳಿಸಲಾಗದು. "ವಸಿ ಕೈ ಕೊಡವ್ವಾ" ಎಂದರೆ ಮನೆಯಾಕೆ ಗೇಟಿಗೆ ಬರಲೇಬೇಕು. ಕೈ ಕೊಟ್ಟವಳು ಬುಟ್ಟಿಯೊಳಗೆ ಇಣುಕದಿರುತ್ತಾಳೆಯೇ? ಇಣುಕಿದವಳು ಒಂದು ಕಟ್ಟಾದರೂ ಕೊಳ್ಳದೆ ಮತ್ತೆ ಎತ್ತಿ ಹೊರಿಸುತ್ತಾಳೆಯೇ? ಆ ಬೀದಿಯಲ್ಲಿ ಅಷ್ಟು ಕಲ್ಲೆದೆಯವರು ಯಾರೂ ಇರಲಿಲ್ಲ.

ಹೋದ ವರ್ಷ ಅವಳ ಕುತ್ತಿಗೆ ಹಿಡಿದುಕೊಂಡಿತು. ಮೊದಲು ದಿಂಬನ್ನು ಬೈದಳು, ಆಮೇಲೆ ಫ್ಯಾನನ್ನು. ಬಲಗೈ ಜೋಮು ಹಿಡಿದು ಸೊಪ್ಪಿನ ಕಟ್ಟು ಜಾರತೊಡಗಿದಾಗ ಮಗ ಪುಟ್ಟರಾಜು ಮೂಳೆ ಡಾಕ್ಟರ ಹತ್ತಿರ ಕರೆದೊಯ್ದ. ವರ್ಷಗಟ್ಟಲೆ ಹೊತ್ತ ಭಾರಕ್ಕೆ ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಸವೆದು ನರ ಒತ್ತುತ್ತಿದೆ ಎಂದರು ಡಾಕ್ಟರು. ತಲೆಯ ಮೇಲೆ ಇನ್ನು ಏನನ್ನೂ ಹೊರಕೂಡದೆಂದು ಹೇಳಿ, ಕುತ್ತಿಗೆಗೆ ಸುತ್ತಿಕೊಳ್ಳಲು ಸ್ಪಂಜಿನ ಪಟ್ಟಿಯೊಂದನ್ನು ಕೊಟ್ಟರು.

ಮುಂದಿನ ವಾರ ಸ್ಕೂಟರಿನಲ್ಲಿ ಹೋಗುತ್ತಿದ್ದ ಡಾಕ್ಟರು ಗಕ್ಕನೆ ನಿಂತರು. ಮಲ್ಲಿಗಮ್ಮನ ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಕೆಳಗೆ ಬಟ್ಟೆಯ ಸಿಂಬೆಯ ಬದಲು ಅವರು ಕೊಟ್ಟ ಪಟ್ಟಿ.

"ಏನಮ್ಮಾ ಇದು? ಕುತ್ತಿಗೆಗೆ ಅಂತ ಕೊಟ್ಟಿದ್ದಲ್ವಾ?"

"ಕುತ್ತಿಗೆಗೇ ಸಾ. ಭಾರ ಮ್ಯಾಲಿಂದ ತಾನೇ ಬರಾದು? ಅದ್ಕೇ ದಾರೀಲೇ ತಡ್ದಿವ್ನಿ. ಬೋ ಮೆತ್ತಗದೆ, ಮೊದ್ಲೇ ಕೊಡಬಾರ್ದಾ?"

ಡಾಕ್ಟರು ನಗಲಿಲ್ಲ. "ಹೀಗೇ ಮಾಡ್ತಿದ್ರೆ ಈ ಕೈ ಸೊಪ್ಪಿರಲಿ, ತುತ್ತೂ ಹಿಡಿಯಲ್ಲ."

ಆ ಮಧ್ಯಾಹ್ನ ಮುದ್ದೆ ಮುರಿಯಹೋದಾಗ ಹೆಬ್ಬೆರಳಿಗೆ ಬಲ ಸಾಲಲಿಲ್ಲ. ಊಟ ಬಿಟ್ಟೆದ್ದ ಮಲ್ಲಿಗಮ್ಮ ಬುಟ್ಟಿಯನ್ನು ಮೂಲೆಯಲ್ಲಿ ಬೋರಲು ಹಾಕಿದಳು.

ಪುಟ್ಟರಾಜು ತಳ್ಳುಗಾಡಿ ತಂದ. ಅವ್ವ ಬಗ್ಗದ ಹಾಗೆ ಹಿಡಿಯನ್ನು ಎತ್ತರಿಸಿದ. ಈಗ ಪಟ್ಟಿ ಕುತ್ತಿಗೆಗೇ ಬಂತು. ಪಕ್ಕದಲ್ಲಿ ಬಂದ ನಾಯಿಯನ್ನು ನೋಡಬೇಕೆಂದರೂ ಇಡೀ ಮೈ ತಿರುಗಿಸಬೇಕು.

"ಏನ್ ಮಲ್ಲಿಗಮ್ಮ, ಡಿ.ಸಿ. ಸಾಹೇಬ್ರಂಗೆ ಬತ್ತಿದ್ದೀಯ, ಕತ್ತೇ ಬಗ್ಸಲ್ಲ!" ಎಂದು ಹೆಂಗಸರು ಜಗಲಿಯಿಂದಲೇ ನಗುತ್ತಿದ್ದರು. "ಇವತ್ತು ಬೇಡ ಕಣೇ" ಎನ್ನುವುದೂ ಜಗಲಿಯಿಂದಲೇ. ಇಳಿಸಲು ಬುಟ್ಟಿಯಿಲ್ಲದ ಮೇಲೆ ಗೇಟಿಗೆ ಬರುವವರು ಯಾರು? ಗಾಡಿ ತುಂಬಿದಂತೆಯೇ ಮನೆಗೆ ಬರತೊಡಗಿತು. ಬಾಡಿದ ಸೊಪ್ಪಿನಿಂದ ಮನೆಯ ಎಮ್ಮೆಗೆ ದಿನವೂ ಹಬ್ಬವಾಯಿತು.

"ಸಾಕು ಬುಡವ್ವ, ಮನೇಲಿರು" ಎಂದ ಪುಟ್ಟರಾಜು.

"ಮನೇಲಿ ಕೂತು ನಿನ್ ಮೊಕ ನೋಡ್ಲಾ?" ಎಂದಳು. ಮರುದಿನವೂ ವ್ಯಾಪಾರವಾಗದಿದ್ದರೆ ಮತ್ತೆ ಬುಟ್ಟಿಯನ್ನೇ ಹೊರುವುದೆಂದು ಒಳಗೊಳಗೇ ತೀರ್ಮಾನಿಸಿದ್ದಳು.

ಮರುದಿನ ಟೀಚರ್ ಸ್ನೇಹಲತಾ ಮನೆಯ ಮುಂದಿನ ಇಳಿಜಾರಿನಲ್ಲಿ ಜೋಮು ಹಿಡಿದ ಕೈಯಿಂದ ಗಾಡಿ ಜಾರಿತು. "ಅಯ್ಯೋ, ಇಡ್ಕೊಳ್ಳಿ ಮೇಡಮ್ಮೋರೇ!" ರಂಗೋಲಿ ಹಾಕುತ್ತಿದ್ದ ಸ್ನೇಹಲತಾ ಓಡಿ ಬಂದು ಗಾಡಿಗೆ ಅಡ್ಡ ನಿಂತರು.

"ಬುಟ್ಬುಡ್ಬ್ಯಾಡಿ, ಉಳ್ಳೋಯ್ತದೆ!" ಎಂದು ಮಲ್ಲಿಗಮ್ಮ ಚಕ್ರಕ್ಕಿಡಲು ಕಲ್ಲು ಹುಡುಕಿದಳು. ಬಗ್ಗುವಂತಿಲ್ಲ, ಹುಡುಕುವುದು ನಿಧಾನವಾಯಿತು. ಗಾಡಿ ಬಿಡಲಾರದೆ ನಿಂತಿದ್ದ ಸ್ನೇಹಲತಾ ಬೇರೇನೂ ತೋಚದೆ ಸೊಪ್ಪು ನೋಡಿದರು.

"ಮೆಂತ್ಯ ಎಳೇದಾಗಿದೆಯಲ್ಲ ಮಲ್ಲಿಗಮ್ಮ. ಎರಡು ಕಟ್ಟು ಕೊಡು."

ಹುಡುಕುತ್ತಿದ್ದ ಮಲ್ಲಿಗಮ್ಮ ಅಲ್ಲೇ ನಿಂತುಬಿಟ್ಟಳು.

ಅಂದಿನಿಂದ ಬೀದಿಯಲ್ಲಿ ಎಲ್ಲೆಲ್ಲಿ ಇಳಿಜಾರಿದೆಯೋ ಅಲ್ಲೆಲ್ಲ ಅವಳ ಗಾಡಿ ಜಾರತೊಡಗಿತು, ಅಲ್ಲೆಲ್ಲ ಯಾರಾದರೂ ಓಡಿ ಬಂದು ಹಿಡಿಯತೊಡಗಿದರು. ಎಮ್ಮೆ ಮತ್ತೆ ಒಣಹುಲ್ಲಿಗೆ ಬಂತು. ಸಂಗತಿ ಕಿವಿಗೆ ಬಿದ್ದು ಗಾಬರಿಗೊಂಡ ಪುಟ್ಟರಾಜು ಕೇಳಿದ:

"ಗಾಡಿಗೊಂದು ಬ್ರೇಕ್ ಆಕಿಸ್ಲೇನವ್ವಾ?"

"ಸುಮ್ಕಿರ್ಲಾ! ಬ್ರೇಕ್ ಆಕ್ಸುದ್ರೆ ಇಡ್ಕೊಳ್ಳಾಕೆ ಯಾರ್ಲಾ ಬತ್ತಾರೆ?"